ಜಗಲಿಕಲ್ಲಿನ ಮೇಲೆ ಉಳಿದ ಆಟ

ಆ ಕಲ್ಲನ್ನು ನಾನು ಗುರುತು ಹಿಡಿದದ್ದು ಅದರ ಮುಕ್ಕಾದ ಮೂಲೆಯಿಂದ. ಕೊಳ್ಳೇಗಾಲದ ನಮ್ಮ ಮನೆಯ ಹಿಂದಿನ ಓಣಿಯಲ್ಲಿ, ಮರಳಿನ ಗುಡ್ಡೆಯ ಪಕ್ಕ, ಇನ್ನೂ ಹತ್ತು ಹನ್ನೆರಡು ಚಪ್ಪಡಿಗಳ ಜೊತೆ ಅದನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದರು. ತರಕಾರಿ ತರಲು ಹೋಗಿದ್ದವಳು ಚೀಲ ಕೆಳಗಿಟ್ಟು, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದೆ. ಬಲಗಡೆಯ ಮೂಲೆ ಒಂದು ಅಂಗೈಯಷ್ಟು ಎದ್ದುಹೋಗಿತ್ತು. ಅದನ್ನು ಒಡೆದದ್ದು ನನ್ನ ಟ್ರಂಕು. ಯಳಂದೂರಿನಲ್ಲಿ, ನನಗೆ ಹನ್ನೊಂದು ವರ್ಷವಾಗಿದ್ದಾಗ.

ಓಣಿಯ ವಿಷಯ ಮೊದಲು ಹೇಳಿಬಿಡುತ್ತೇನೆ. ಅದು ರೇಷ್ಮೆ ವ್ಯಾಪಾರದ ಮನೆಗಳ ಹಿತ್ತಿಲ ದಾರಿ. ನಾನು ಚಿಕ್ಕವಳಿದ್ದಾಗ ಗೂಡಿನ ಮೂಟೆ ಹೊತ್ತ ಗಾಡಿಗಳು ಅಲ್ಲಿ ಬಂದು ನಿಲ್ಲುತ್ತಿದ್ದವು. ಆಮೇಲೆ ಸ್ಕೂಟರ್‌ಗಳು, ಕಸ, ಕೊನೆಗೆ ಬರೀ ಕಸ. ಈಚೆಗೆ ನಗರಸಭೆಯವರಿಗೆ ಏನು ಹೊಳೆಯಿತೋ, ಅದನ್ನು ಆಟದ ಓಣಿ ಮಾಡುತ್ತೇವೆ ಎಂದು ಒಬ್ಬ ಆರ್ಕಿಟೆಕ್ಟ್ ಹುಡುಗಿಗೆ ಒಪ್ಪಿಸಿದರು. ಹನೂರಿನ ಕಡೆಯವಳು, ಕಾಡಂಚಿನ ಊರು. ಅಪ್ಪ ಅಮ್ಮ ಹೊಲ ಮಾಡುತ್ತಾರೆ, ಇವಳು ಮೈಸೂರಿನಲ್ಲಿ ಓದಿದಳು. ಕುತ್ತಿಗೆಗೆ ಅಳತೆ ಟೇಪು ನೇತುಹಾಕಿಕೊಂಡು ನಮ್ಮ ಜಗಲಿ ಅಳೆಯಲು ಬಂದಾಗ ಮೊದಲ ಮಾತೇ, "ಅಜ್ಜೀ, ಈ ಗೆರೆ ಯಾರು ಕೊರ್ದಿದ್ದು?"

"ಅಜ್ಜಿ ಅನ್ನಬೇಡಮ್ಮ. ಮೂವತ್ತು ವರ್ಷ ಮಕ್ಕಳಿಂದ ಮಿಸ್ ಅನ್ನಿಸಿಕೊಂಡವಳು ನಾನು."

"ಹಂಗಾದ್ರೆ ಮಿಸ್ಸಜ್ಜಿ," ಅಂದಳು, ನಗದೆ, ಟೇಪು ಎಳೆಯುತ್ತಾ. ಅವತ್ತಿನಿಂದ ಅದೇ ಹೆಸರಾಯಿತು.

ಅವಳ ಐಡಿಯಾ ಸರಳ. ನಮ್ಮ ಕಡೆಯ ಹಳೇ ಮನೆಗಳ ಜಗಲಿಯಲ್ಲಿ ಯಾರಾದರೂ ಒಬ್ಬರು ಆಟದ ಮನೆ ಕೊರೆದೇ ಇರುತ್ತಾರೆ. ಚೌಕಾಬಾರದ ಇಪ್ಪತ್ತೈದು ಚೌಕ, ಹುಲಿ ಕುರಿ ಆಟದ ತ್ರಿಕೋನ, ಅಳಗುಳಿಯ ಕುಳಿಗಳು. ಮನೆ ಬಿದ್ದಾಗ ಆ ಚಪ್ಪಡಿಗಳು ಚರಂಡಿಯ ಮುಚ್ಚಳವಾಗುತ್ತವೆ. ಅವನ್ನು ತಂದು ಓಣಿಯಲ್ಲಿ ಮೋಟುಗೋಡೆಯ ಮೇಲೆ ಕೂರಿಸಿದರೆ ಬೆಂಚೂ ಆಯಿತು, ಆಟವೂ ಆಯಿತು. ನೆಲಕ್ಕೆ ಕುಂಟಾಬಿಲ್ಲೆಯ ಮನೆಗಳು, ಚರಂಡಿ ಮುಚ್ಚಳಗಳಿಗೆ ಹಾವು ಏಣಿ, ಓಣಿಯ ಬಾಯಲ್ಲಿರುವ ರಸ್ತೆಯುಬ್ಬಿಗೆ ಮೊಸಳೆಯ ಬೆನ್ನಿನಂತೆ ಹಸಿರು ಬಣ್ಣ. ಹೌ ಡಿಲೈಟ್‌ಫುಲ್ ಅಂತ ನಾನೇ ಮೊದಲು ಹೇಳಿದ್ದು. ಯಾವ ಬೀದಿಯಲ್ಲಿ ಯಾವ ಮನೆ ಹಳೆಯದು ಎಂದು ಪಟ್ಟಿ ಬರೆದುಕೊಟ್ಟವಳೂ ನಾನೇ. ಯಳಂದೂರಿನ ಒಂದು ಮನೆಯನ್ನು ಮಾತ್ರ ಆ ಪಟ್ಟಿಯಲ್ಲಿ ಬರೆದಿರಲಿಲ್ಲ.

ಅದು ನನ್ನ ಚಿಕ್ಕಮ್ಮನ ಮನೆ. ಚಿಕ್ಕಮ್ಮ ಹೋಗಿ ಬಹಳ ಕಾಲವಾಯಿತು, ಮನೆ ಕೈ ಬದಲಾಯಿಸಿ ಬದಲಾಯಿಸಿ ಯಾರದೋ ಆಗಿತ್ತು. ರಸ್ತೆ ಅಗಲ ಮಾಡುವಾಗ ಮುಂಭಾಗ ಕೆಡವಿದರಂತೆ. ಹುಡುಗಿ ಆ ಕಡೆ ಹೋದಾಗ ರಸ್ತೆ ಬದಿಯ ರಾಶಿಯಲ್ಲಿ ಚಪ್ಪಡಿ ಕಂಡು, ಟ್ರಾಕ್ಟರ್‌ಗೆ ಹಾಕಿಸಿದ್ದಾಳೆ. ಹಾಗೆ ಅದು ನಾನು ಬರೆಯದೆ ಇದ್ದರೂ ಹದಿನೆಂಟು ಕಿಲೋಮೀಟರ್ ಬಂದು ನನ್ನ ಹಿತ್ತಿಲ ಬಾಗಿಲ ಎದುರು ನಿಂತಿತ್ತು.

ಚಿಕ್ಕಮ್ಮನಿಗೆ ಒಬ್ಬಳೇ ಮಗಳು. ನನಗಿಂತ ಎಂಟು ತಿಂಗಳಿಗೆ ಚಿಕ್ಕವಳು, ಅದಕ್ಕೇ ತಂಗಿ. ನಾನು ಕಾನ್ವೆಂಟ್ ಬೋರ್ಡಿಂಗ್‌ನಲ್ಲಿ ಫೋರ್ಕ್ ಹಿಡಿಯುವುದನ್ನು ಕಲಿಯುತ್ತಿದ್ದರೆ ಅವಳು ಯಳಂದೂರಿನಲ್ಲಿ ಸೊಪ್ಪು ಹಾಕಿ ಹುಳು ಸಾಕುತ್ತಿದ್ದಳು. ರಜೆಗೆ ಬಂದರೆ ನನ್ನನ್ನು ದೇವಸ್ಥಾನದ ಬಳೆ ಮಂಟಪಕ್ಕೆ ಎಳೆದುಕೊಂಡು ಹೋಗಿ, ಮೂಲೆಯಲ್ಲಿ ನೇತಾಡುವ ಕಲ್ಲಿನ ಬಳೆಗಳ ಸರಪಳಿಯ ಕೆಳಗೆ ಕೈ ಚಾಚಿ ನಿಲ್ಲುವಳು. "ಅಕ್ಕಾ, ಅದು ಬಿದ್ರೆ ನಂಗೆ ಸರ್‍ಯಾಗ್ ಆಯ್ತದೆ ನೋಡು." ಅವಳ ಕೈ ಅಷ್ಟು ತೆಳು. ಆಮೇಲೆ ಮನೆಗೆ ಬಂದು ಜಗಲಿಯಲ್ಲಿ ಚೌಕಾಬಾರ. ಕವಡೆಯ ಬದಲು ಒಂದು ಬದಿ ಉಜ್ಜಿ ಬಿಳಿ ಮಾಡಿದ ನಾಲ್ಕು ಹುಣಸೆಬೀಜ. ನನ್ನ ಕಾಯಿ ನಾಲ್ಕು ಬಳೆಚೂರು. ಅವಳ ಕಾಯಿ ಚಿಟ್ಟೆ ತೂತು ಮಾಡಿಕೊಂಡು ಹೊರಬಿದ್ದ ನಾಲ್ಕು ರೇಷ್ಮೆಗೂಡು. ಆಗಿನ ಗೂಡು ಹಳದಿ, ಸ್ವಲ್ಪ ಹಸಿರು ಕಲೆಸಿದ ಹಳದಿ. ಈಗ ಮಾರ್ಕೆಟ್ಟಿನಲ್ಲಿ ಕಾಣುವ ಹಾಲುಬಿಳಿಯದಲ್ಲ.

ಆ ಬೀದಿಯಲ್ಲಿ ಆಟಕ್ಕೊಂದು ಕಟ್ಟಳೆ ಇತ್ತು. ಆಟ ಅರ್ಧಕ್ಕೆ ಬಿಟ್ಟು ಏಳುವವರು ಕಲ್ಲಿಗೆ ಅಂಗೈ ಒತ್ತಿ "ತಡಿ, ಬಂದೆ" ಅನ್ನಬೇಕು. ಅಂದ ಮೇಲೆ ಅವರು ಬರುವ ತನಕ ಕಾಯಿಗಳನ್ನು ಯಾರೂ ಮುಟ್ಟುವಂತಿಲ್ಲ. ಜಗಲಿ ಗುಡಿಸುವವರೂ ಬಳಸಿ ಗುಡಿಸುತ್ತಿದ್ದರು. ಅಷ್ಟರಲ್ಲಿ ಇಬ್ಬರಲ್ಲಿ ಒಬ್ಬರು ತೀರಿಹೋದರೆ, ಉಳಿದವರು ಬಂದು ಆಟ ಮುಗಿಸಿಕೊಡಬೇಕು. ತಮ್ಮ ಸರದಿಯನ್ನು ಬಲಗೈಯಲ್ಲಿ, ಹೋದವರ ಸರದಿಯನ್ನು ಎಡಗೈಯಲ್ಲಿ ಹಾಕಬೇಕು. ಬೇಕೆಂದು ಸೋಲುವಂತಿಲ್ಲ, ಬೀಜ ಬಿದ್ದ ಹಾಗೆ ಆಡಬೇಕು. ಮುಗಿದ ಮೇಲೆ ಕಲ್ಲು ತೊಳೆಯುವುದು. ಇಲ್ಲದಿದ್ದರೆ ಹೋದವರು ಕಾಯುತ್ತಾ ಕೂತಿರುತ್ತಾರೆ ಎಂದು ಬೀದಿಯ ಹೆಂಗಸರು ತೀರಾ ಸಾಮಾನ್ಯ ದನಿಯಲ್ಲಿ, ಹಾಲು ಉಕ್ಕುತ್ತೆ ನೋಡು ಅನ್ನುವ ಹಾಗೆ ಹೇಳುತ್ತಿದ್ದರು.

ಅವತ್ತು ರಜೆಯ ಕೊನೆಯ ದಿನ. ಅವಳ ಮೂರು ಗೂಡು ಹಣ್ಣಾಗಿ ಮಧ್ಯದ ಚೌಕ, ಅಂದರೆ ನಡುಮನೆ, ಸೇರಿದ್ದವು. ನಾಲ್ಕನೆಯದು ನಡುಮನೆಯ ಪಕ್ಕದ ಚೌಕದಲ್ಲಿ, ಒಂದು ಬಿದ್ದರೆ ಸಾಕು, ಗೆದ್ದಳು. ನನ್ನವು ಎರಡು ಬಳೆಚೂರು ಇನ್ನೂ ದಾರಿಯಲ್ಲಿದ್ದವು. ಸರದಿ ನನ್ನದು. ಕಾರು ಬಂದು ನಿಂತಿತ್ತು ನಿಜ. ಆದರೆ ಡ್ರೈವರ್ ಕಾಫಿ ಲೋಟ ಹಿಡಿದು ಮಾವಿನ ಮರದ ಕೆಳಗೆ ಕೂತಿದ್ದ, ಅವನಿಗೇನೂ ಅವಸರವಿರಲಿಲ್ಲ. ನನಗೆ ಇತ್ತು. ಹುಳುವಿನ ಸೊಪ್ಪು ಕುಯ್ಯುವ ಹುಡುಗಿಯ ಎದುರು ಸೋಲಲು ಕಾನ್ವೆಂಟ್ ಹುಡುಗಿಗೆ ಮನಸ್ಸಿಲ್ಲ, ಅಷ್ಟೇ. ಕಲ್ಲಿಗೆ ಅಂಗೈ ಒತ್ತಿ "ತಡಿ, ಬಂದೆ" ಅಂದು, ಟ್ರಂಕನ್ನು ಜಗಲಿಯ ಮೇಲಿಂದ ದರದರ ಎಳೆದೆ. ಮೂಲೆ ಒಡೆದದ್ದು ಆಗ.

"ಬತ್ತೀಯಾ ತಾನೇ?" ಅಂದಳು.

"ಬಂದೆ ಅಂದೆನಲ್ಲ!"

ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. ಒಂಬತ್ತು ದಿನ.

ಹೋದವರನ್ನು ನಮ್ಮಲ್ಲಿ ಮಲಗಿಸಿ ಕಳಿಸುವುದಿಲ್ಲ. ಕಾಲು ಮಡಿಸಿ, ಬೆನ್ನು ನೆಟ್ಟಗೆ ಮಾಡಿ, ವಿಭೂತಿ ಹಚ್ಚಿ ಕೂರಿಸುತ್ತಾರೆ, ಕೂತ ಹಾಗೆಯೇ ಮಣ್ಣು. ನನ್ನನ್ನು ಯೂನಿಫಾರ್ಮಿನಲ್ಲೇ ಬೋರ್ಡಿಂಗ್‌ನಿಂದ ಕರೆತಂದಿದ್ದರು, ಬಾಗಿಲ ಸಂದಿಯಿಂದ ನೋಡಿದೆ. ಜಗಲಿಯಲ್ಲಿ ಆಟಕ್ಕೆ ಕೂರುತ್ತಿದ್ದುದೂ ಅವಳು ಹಾಗೆಯೇ. ತಲೆ ಸ್ವಲ್ಪ ಮುಂದಕ್ಕೆ ಬಾಗಿತ್ತು, ಕಾಯಿ ನೋಡುತ್ತಿರುವವಳ ಹಾಗೆ.

ಶಿವಗಣಾರಾಧನೆಯ ದಿನ ಚಿಕ್ಕಮ್ಮ ನನ್ನ ಕೈ ಹಿಡಿದು ಜಗಲಿಗೆ ಕರೆದುಕೊಂಡು ಹೋದಳು. ಕಲ್ಲಿನ ಮೇಲೆ ಒಂದು ಮಂಕರಿ ಕವುಚಿ ಹಾಕಿದ್ದರು. ತೆಗೆದರೆ ಕಾಯಿಗಳು ಬಿಟ್ಟಲ್ಲೇ ಇದ್ದವು.

"ಜ್ವರದಲ್ಲೂ ಇದೇ ಗ್ಯಾನ ಕಣವ್ವ ಅವಳ್ಗೆ. ಅಕ್ಕ ಬತ್ತಾಳೆ, ಮುಟ್ಬ್ಯಾಡಿ, ಮುಟ್ಬ್ಯಾಡಿ ಅಂತ. ಕೂತ್ಕೊ ನನ್ನವ್ವ, ಮುಗಿಸ್ಕೊಡು."

ಎದುರಿನ ಜಾಗ ಖಾಲಿ ಇತ್ತು. ಆ ಖಾಲಿಯ ಕಡೆ ನೋಡುತ್ತಾ ಎಡಗೈ ಚಾಚುವುದನ್ನು ನೆನೆದೇ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ. ಬಾಯಿಗೆ ಬಂದದ್ದನ್ನು ಹೇಳಿದೆ. "ಮುಗಿದಿತ್ತು ಚಿಕ್ಕಮ್ಮ. ಅವಳಿಗೆ ಒಂದು ಬಿದ್ದಿತ್ತು. ಕಾಯಿ ನಡೆಸೋದಷ್ಟೇ ಬಾಕಿ, ಅಷ್ಟರಲ್ಲಿ ಕಾರು ಬಂತು."

"ಗೆದ್ದಿದ್ಲಾ?"

"ಗೆದ್ದಿದ್ದಳು."

ಚಿಕ್ಕಮ್ಮ ತಾನೇ ಆ ಗೂಡನ್ನು ಎರಡು ಬೆರಳಲ್ಲಿ ಎತ್ತಿ ನಡುಮನೆಗೆ ಇಟ್ಟಳು. ಕಲ್ಲು ತೊಳೆದಳು. ಸಾಯುವ ತನಕ ಬಂದವರಿಗೆಲ್ಲ ಹೇಳಿದಳು, ನನ್ನ ಮಗಳು ಇಂಗ್ಲಿಷ್ ಓದೋ ಅಕ್ಕನ್ನೇ ಗೆದ್ದು ಹೋದಳು ಅಂತ. ನಾನು ಪಕ್ಕದಲ್ಲಿ ಕೂತು ತಲೆ ಆಡಿಸುತ್ತಿದ್ದೆ. ಕಾನ್ವೆಂಟಿನಲ್ಲಿ ಪ್ರತಿ ರಾತ್ರಿ ಊಟದ ಮೇಜು ಬಿಟ್ಟು ಏಳುವ ಮೊದಲು, ಮೇ ಐ ಬಿ ಎಕ್ಸ್‌ಕ್ಯೂಸ್ಡ್ ಎಂದು ಅಪ್ಪಣೆಯನ್ನು ನನಗಿಂತ ಚೆನ್ನಾಗಿ ಯಾರೂ ಕೇಳುತ್ತಿರಲಿಲ್ಲ.

ಇಷ್ಟು ಹಿಂದಿನದು.

ಓಣಿಯಲ್ಲಿ ಚಪ್ಪಡಿಗಳನ್ನು ಕೂರಿಸಿದರು. ಮುಕ್ಕಾದ ಕಲ್ಲು ನಮ್ಮ ಹಿತ್ತಿಲ ಬಾಗಿಲಿಗೆ ನೇರ ಎದುರು ಬಂತು. ಹುಡುಗಿಗೆ ನಾನು ಏನೂ ಹೇಳಿರಲಿಲ್ಲ. "ಅದನ್ನು ಆ ತುದಿಗೆ ಹಾಕಿಸು" ಅಂದೆ ಅಷ್ಟೇ. "ಆ ತುದಿಗೆ ಹುಲಿ ಕುರಿ ಮಿಸ್ಸಜ್ಜಿ, ಡ್ರಾಯಿಂಗ್ ನೋಡಿ," ಅಂದಳು.

ನಾಲ್ಕೈದು ದಿನ ಕಳೆದಿರಬೇಕು. ಓಣಿ ಗುಡಿಸುವ ಹೆಂಗಸು ನೀರು ಕೇಳಲು ಬಾಗಿಲಿಗೆ ಬಂದವಳು ಹೇಳಿದಳು. "ಅಮ್ಮಾರೇ, ಆ ಮುಕ್ಕಲ್ ಮ್ಯಾಲೆ ದಿನಾ ಒಂದ್ ಗೂಡು ಬಿದ್ದಿರ್ತದೆ ಕಣಿ. ಬೆಳಿಗ್ಗೆ ಗುಡಿಸಿ ಓಯ್ತೀನಿ, ಮದ್ಯಾನ ಬತ್ತೀನಿ, ಅಲ್ಲೇ ಕೂತದೆ."

"ಮಾರ್ಕೆಟ್ ಆಟೋದಿಂದ ಬೀಳುತ್ತೇನೋ."

"ಆಟೋ ಈ ವಣಿಗೆ ಎಲ್ ಬಂದದು? ಇನ್ನೊಂದ್ ಏನ್ ಗೊತ್ತಾ, ತೂತ್ ಗೂಡು. ಊದಿದ್ರೆ ಆರೋಯ್ತದೆ. ಆದ್ರೂವೆ ಮನೆ ಬಿಟ್ ಮನೆಗೆ ಓಗಲ್ಲ." ನೀರು ಕುಡಿದು ಲೋಟ ಕೊಟ್ಟಳು. "ನಾನಂತೂ ಈಗ ಮುಟ್ಟಲ್ಲ ಕಣಿ. ಬಳಸಿ ಗುಡಿಸ್ತೀನಿ."

ಆ ಮಧ್ಯಾಹ್ನ ಹೋಗಿ ನೋಡಿದೆ. ಬಿಸಿಲು ನೆತ್ತಿಯ ಮೇಲಿತ್ತು, ಓಣಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಎಲ್ಲೋ ಗೂಡು ಬೇಯಿಸುವ ವಾಸನೆ ಬರುತ್ತಿತ್ತು. ಕಲ್ಲಿನ ಮೇಲೆ ಗೂಡು ಇತ್ತು. ಹಳದಿ, ಹಸಿರು ಕಲೆಸಿದ ಹಳದಿ. ನಡುಮನೆಯ ಪಕ್ಕದ ಚೌಕದಲ್ಲಿ ಇತ್ತು. ಚಿಕ್ಕಮ್ಮ ನಡೆಸಿದ ಹೆಜ್ಜೆಯನ್ನು ಯಾರೋ ಒಪ್ಪದೆ ಹಿಂದಕ್ಕೆ ತಂದಿಟ್ಟ ಹಾಗೆ.

ಕಲ್ಲಿನ ಮೇಲೆ ಅಂಗೈ ಇಟ್ಟೆ, ಸುಟ್ಟಿತು. ಆ ಬಿಸಿಲಿಗೆ ಸುಡಲೇಬೇಕು. ಸರಿಸುತ್ತಾ ಎದುರುಬದಿಯ ಅಂಚಿಗೆ ಬಂದೆ. ಅಲ್ಲಿ, ಒಂದು ಮಗು ಕಾಲು ಮಡಿಸಿ ಕೂರುವಷ್ಟು ಜಾಗ ತಣ್ಣಗಿತ್ತು. ಯಾರೋ ಬಹಳ ಹೊತ್ತಿನಿಂದ ಕೂತು ಬಿಸಿಲಿಗೆ ಮರೆಯಾಗಿದ್ದರೆ ಹೇಗೋ ಹಾಗೆ. ಮರವಿರಲಿಲ್ಲ, ಗೋಡೆಯ ನೆರಳೂ ಅಲ್ಲಿಗೆ ಬರುತ್ತಿರಲಿಲ್ಲ. ಡೋಂಟ್ ಬಿ ಸಿಲ್ಲಿ ಎಂದು ನನಗೆ ನಾನೇ ಗಟ್ಟಿಯಾಗಿ ಹೇಳಿಕೊಂಡೆ. ಓಣಿಯಲ್ಲಿ ನನ್ನ ದನಿ ಇನ್ನೊಬ್ಬರದೆಂಬಂತೆ ಕೇಳಿತು. ಒಳಗೆ ಬಂದು ಚಿಲಕ ಹಾಕಿದೆ.

ಹಾಗೇ ಚಿಲಕ ಹಾಕಿಕೊಂಡು ಇದ್ದುಬಿಡುತ್ತಿದ್ದೆನೇನೋ. ಆದರೆ ಮರುದಿನ ಮೇಸ್ತ್ರಿ ಬಂದು ಕಲ್ಲುಗಳ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದ.

"ಏನಪ್ಪಾ ಇದು?"

"ಗೆರೆ ಎಲ್ಲಾ ಸವ್ದೋಗವೆ ಕಣ್ರವ್ವ. ಗುರುವಾರ ಮಿಸನ್ ತತ್ತೀನಿ. ಮ್ಯಾಗಳ ಪದ್ರ ಉಜ್ಜಾಕಿ, ಒಸ ಗೆರೆ ಕೊರ್ದು, ಬಿಳೀ ಬಣ್ಣ ತುಂಬುಸ್ಬುಡ್ತೀನಿ. ಫಳ್ ಅಂತದೆ!"

"ಹಳೇ ಆಟದ ಮನೆಗಳು?"

"ಅದೆಲ್ಲಿದ್ದದು? ಪುಡಿ ಆಗೋಯ್ತದೆ."

ಗುರುವಾರಕ್ಕೆ ಎರಡು ದಿನ ಇತ್ತು. ಅವಳ ಗೂಡು ಕೂತ ಚೌಕ, ನಾನು ಅಂಗೈ ಒತ್ತಿದ ಜಾಗ, ಎಲ್ಲ ಪುಡಿಯಾದರೆ ಆಟವನ್ನು ಮುಗಿಸಲು ಮನೆಯೇ ಇರುವುದಿಲ್ಲ. ಅವಳು ಕಾಯುವುದು ಮಾತ್ರ ಉಳಿಯುತ್ತದೆ. ಹನ್ನೊಂದು ವರ್ಷದ ಮಗುವನ್ನು ನಾನು ಅರವತ್ತಮೂರು ವರ್ಷ ಕೂರಿಸಿಟ್ಟಿದ್ದೇನೆ ಎಂದು ಆಗ ಲೆಕ್ಕಕ್ಕೆ ಬಂತು. ನನಗೂ ಎಪ್ಪತ್ತನಾಲ್ಕು. ನಾನು ಹೋದ ಮೇಲೆ ಈ ಆಟ ಅರ್ಧಕ್ಕೆ ನಿಂತದ್ದೆಂದು ತಿಳಿದವರೂ ಯಾರೂ ಇರುವುದಿಲ್ಲ.

ಬುಧವಾರ ಹುಣಸೆಬೀಜ ಹುಡುಕಿ ನೆಲಕ್ಕೆ ಉಜ್ಜಿದೆ. ಹಳೇ ಪೆಟ್ಟಿಗೆಯಲ್ಲಿ ಮದುವೆಯ ಕಾಲದ ಒಂದು ಹಸಿರು ಗಾಜಿನ ಬಳೆ ಇತ್ತು, ಅದನ್ನು ಮುರಿದೆ. ಮಧ್ಯಾಹ್ನ ಹಿತ್ತಿಲ ಬಾಗಿಲು ತೆರೆದು ಹೋಗಿ, ಮಂಡಿ ನೋವನ್ನು ಬೈದುಕೊಂಡು, ನನ್ನ ಬದಿಯಲ್ಲಿ ಕೂತೆ. ಗೂಡು ಅದರ ಜಾಗದಲ್ಲಿತ್ತು. ನನ್ನ ಎರಡು ಚೂರುಗಳನ್ನು ಅವತ್ತು ಇದ್ದ ಮನೆಗಳಲ್ಲಿ ಇಟ್ಟೆ. ಯಾವ ಮನೆಯೆಂದು ಯೋಚಿಸುವುದೂ ಬೇಕಾಗಲಿಲ್ಲ.

ಅಷ್ಟರಲ್ಲಿ ಹುಡುಗಿ ಬಂದಳು, ಕೈಯಲ್ಲಿ ಟಿಫನ್ ಡಬ್ಬಿ. "ಏನ್ ಮಿಸ್ಸಜ್ಜಿ, ಓಪನಿಂಗ್‌ಗೆ ಮುಂಚೆನೇ ಓಪನಿಂಗಾ? ಯಾರ್ ಜೊತೆ ಆಡ್ತಿದ್ದೀರಿ?"

ಹೇಳಿದೆ. ಮೊದಲ ಸಲ, ಒಬ್ಬರಿಗೆ, ಪೂರ್ತಿ. ಡ್ರೈವರಿನ ಕಾಫಿಯನ್ನೂ ಬಿಡದೆ. ಅವಳು ನಗುತ್ತಾಳೆ ಅಂದುಕೊಂಡಿದ್ದೆ. ಎದುರುಬದಿಯಲ್ಲಿ ಕೂರಲು ಹೊರಟವಳು ಸರಕ್ಕನೆ ನನ್ನ ಪಕ್ಕಕ್ಕೆ ಬಂದು ಕೂತಳು.

"ನಮ್ಮೂರಲ್ಲೂ ಇಂಥದ್ ಐತೆ," ಅಂದಳು, ದನಿ ತಗ್ಗಿಸಿ. ಕಲಿತ ಕನ್ನಡ ಹೋಗಿ ಊರಿನ ಮಾತು ಬಂದಿತ್ತು. "ಆಡಿ ಮಿಸ್ಸಜ್ಜಿ. ಸರದಿ ನಿಮ್ದೇ ಅಲ್ವಾ?"

ಬಲಗೈಯಲ್ಲಿ ಹಾಕಿದೆ. ಎರಡು. ಚೂರು ನಡೆಸಿದೆ.

ಎಡಗೈಯಲ್ಲಿ ಬೀಜ ಎತ್ತಿಕೊಂಡೆ. ಹಾಕಿದೆ. ಮೂರು. ಅವಳಿಗೆ ಉಪಯೋಗವಿಲ್ಲ.

ನನಗೆ ಚೌಕ, ನಾಲ್ಕು, ಬಿತ್ತು, ಚೌಕ ಬಿದ್ದರೆ ಮತ್ತೊಂದು ಸಲ, ಮತ್ತೆ ಎರಡು. ಒಂದು ಚೂರು ಹಣ್ಣಾಯಿತು. ಅವಳಿಗೆ ಬಾರ, ಎಂಟು. ಉಪಯೋಗವಿಲ್ಲ. ಮತ್ತೆ ಹಾಕಿದರೆ ಮೂರು. ಆಮೇಲೆ ನನಗೆ ಮೂರು. ಈಗ ನನ್ನ ಕೊನೆಯ ಚೂರೂ ನಡುಮನೆಯ ಪಕ್ಕಕ್ಕೆ, ಅವಳ ಗೂಡಿನ ಎದುರಿಗೆ ಬಂದು ನಿಂತಿತು. ನನಗೂ ಒಂದು ಸಾಕು. ಬೆವರು ಕನ್ನಡಕದೊಳಗೆ ಇಳಿಯಿತು. ನಾನು ಗೆದ್ದುಬಿಟ್ಟರೆ ಚಿಕ್ಕಮ್ಮ ಸಾಯುವ ತನಕ ಹೇಳಿಕೊಂಡು ತಿರುಗಿದ್ದು ಏನಾಗಬೇಕು? ಬೇಕೆಂದು ಸೋಲುವಂತೆಯೂ ಇಲ್ಲ.

"ಹಾಕಿ," ಅಂದಳು ಹುಡುಗಿ, ನನ್ನ ಸೀರೆಯ ಸೆರಗನ್ನು ಹಿಡಿದುಕೊಂಡು.

ಎಡಗೈ ತೆರೆದೆ. ಮೂರು ಬೀಜ ಕಪ್ಪಾಗಿ ಬಿದ್ದವು. ನಾಲ್ಕನೆಯದು ಕಲ್ಲಿನ ಅಂಚಿನವರೆಗೂ ಉರುಳಿತು, ಆ ತಣ್ಣಗಿನ ಜಾಗದವರೆಗೆ, ಇನ್ನೇನು ಕೆಳಗೆ ಬೀಳಬೇಕು, ಏನಕ್ಕೋ ತಾಗಿದ ಹಾಗೆ ನಿಂತಿತು. ಬಿಳಿ ಮೇಲೆ, ಒಂದು.

ಗೂಡನ್ನು ಎರಡು ಬೆರಳಲ್ಲಿ ಎತ್ತಿ ನಡುಮನೆಗೆ ಇಟ್ಟೆ. ಇಡುವಾಗ ಅದಕ್ಕೆ ತೂಕವಿತ್ತು, ಒಳಗೆ ಹುಳು ಇರುವ ಗೂಡಿನಷ್ಟು. ಹುಡುಗಿ ತನ್ನ ನೀರಿನ ಬಾಟಲಿ ಕೊಟ್ಟಳು. ಕಲ್ಲು ತೊಳೆದೆ. ಬಿಸಿಲಿಗೆ ನೀರು ಆರುವುದನ್ನು ನೋಡುತ್ತಾ ಕೂತೆವು. ಎದುರುಬದಿಯ ಆ ಒಂದು ತುಂಡು ಮಾತ್ರ ಕೊನೆಯ ತನಕ ಒದ್ದೆಯಾಗಿಯೇ ಇತ್ತು.

ಗುರುವಾರ ಮೇಸ್ತ್ರಿ ಮಿಷನ್ ತಂದ. ಹಳೇ ಗೆರೆಯೇ ಚೆಂದ, ಕೊರೆಯೋದು ಬೇಡ ಅಂತ ಹುಡುಗಿ ವಾದಕ್ಕೆ ನಿಂತಳು. ಕೊರೆಯಲಿ ಬಿಡು ಅಂದವಳು ನಾನು. ಮಕ್ಕಳ ಕಣ್ಣಿಗೆ ಗೆರೆ ಕಾಣಬೇಕಲ್ಲ. ಧೂಳೆದ್ದು ನಮ್ಮ ಬಾಗಿಲೆಲ್ಲ ಬೆಳ್ಳಗಾಯಿತು. ಮೂಲೆ ಮಾತ್ರ ಮುಕ್ಕಾಗಿಯೇ ಉಳಿಯಿತು, ಅದಕ್ಕೆ ಸಿಮೆಂಟ್ ಮೆತ್ತಲು ಹೋದವನನ್ನು ತಡೆದೆ.

ಓಪನಿಂಗ್ ಆಯಿತು, ಭಾಷಣ ಆಯಿತು. ಮೊಸಳೆಯ ಬೆನ್ನಿನ ಮೇಲೆ ಓಣಿಯ ಮಕ್ಕಳೆಲ್ಲ ಹತ್ತಿ ಕೂತರು. ಗುಡಿಸುವ ಹೆಂಗಸು ಒಂದು ವಾರ ಏನೂ ಹೇಳಲಿಲ್ಲ. ನಾನೇ ಕೇಳಿದೆ. "ಇಲ್ಲ ಕಣಿ, ಈಗ ಏನೂ ಬೀಳಲ್ಲ," ಅಂದಳು. ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಸುಮ್ಮನೆ ಹಿತ್ತಿಲ ಬಾಗಿಲಿಗೆ ಹೋಗಿ ನಿಲ್ಲುವುದು, ಖಾಲಿ ಕಲ್ಲು ನೋಡಿ ಒಳಗೆ ಬರುವುದು. ಐ ಮಿಸ್ಡ್ ಹರ್. ಅವಳು ಸತ್ತಾಗಲೂ ನನಗೆ ಹಾಗೆ ಅನ್ನಿಸಿರಲಿಲ್ಲ, ಆಗ ಬರೀ ಭಯವಿತ್ತು.

ಇವತ್ತಿಗೆ ಎರಡು ವಾರದ ಹಿಂದೆ, ಒಂದು ಸೋಮವಾರ, ಬಾಗಿಲು ತೆರೆದವಳು ಹೊಸ್ತಿಲಲ್ಲೇ ನಿಂತೆ. ಹೊಸದಾಗಿ ಕೊರೆದ ಬಿಳಿ ಗೆರೆಗಳ ನಡುವೆ, ಎದುರುಬದಿಯ ಕಟ್ಟೆಯಲ್ಲಿ, ಅಂದರೆ ಆಟ ಶುರು ಮಾಡುವ ಮನೆಯಲ್ಲಿ, ನಾಲ್ಕು ಹಳದಿ ಗೂಡು ಒತ್ತಾಗಿ ಕೂತಿದ್ದವು. ನನ್ನ ಬದಿಯ ಕಟ್ಟೆ ಖಾಲಿ ಇತ್ತು.

ಒಳಗೆ ಹೋಗಿ ಹುಡುಗಿಗೆ ಫೋನ್ ಮಾಡಿದೆ. ಅವಳು ಹನೂರಿನಲ್ಲಿ ಯಾವುದೋ ಹಳೇ ಚಾವಡಿ ಅಳೆಯುತ್ತಿದ್ದಳು.

"ಈ ಸಲ ಅರ್ಧಕ್ಕೆ ಏಳುವವಳು ನಾನೇ ಆಗಬಹುದು," ಅಂದೆ. "ಹಾಗಾದರೆ ನೀನು ಬಂದು ನನ್ನ ಪರವಾಗಿ ಮುಗಿಸಬೇಕು. ಎಡಗೈಯಲ್ಲಿ."

ಆ ಕಡೆ ಅಳತೆ ಟೇಪು ಸುತ್ತಿಕೊಳ್ಳುವ ಸದ್ದು ಕೇಳಿತು.

"ಚೀಟಿಂಗ್ ಮಾಡ್ಬ್ಯಾಡಿ ಮತ್ತೆ," ಅಂದಳು. "ಬತ್ತೀನಿ. ಹೋಗಿ ಕೂತ್ಕೊಳಿ, ಕಾಯ್ತಿರ್ತಾಳೆ."

ಉಳಿದಿದ್ದ ನಾಲ್ಕು ಬಳೆಚೂರು ಮತ್ತು ಬೀಜ ಸೆರಗಿಗೆ ಕಟ್ಟಿಕೊಂಡು ಹೋದೆ. ಕೂತೆ. ಹೊಸ ಆಟದಲ್ಲಿ ಹಿಂದಿನದನ್ನು ಗೆದ್ದವರದೇ ಮೊದಲ ಸರದಿ. ಎಡಗೈಯಲ್ಲಿ ಹಾಕಿದೆ.

ಬಾರ ಬಿತ್ತು. ಅವಳಿಗೆ ಯಾವಾಗಲೂ ಬಾರ ಚೆನ್ನಾಗಿ ಬೀಳುತ್ತಿತ್ತು.